ಜಿಟಿಓ ಕಾರು, ಆರ್‌ಟಿಓ ಮಾವ

ಅಮೆರಿಕದಲ್ಲಿ ಹಳೆಯ ಕಾರಿಗೆ ಚೆನ್ನಾಗಿ ಬಣ್ಣ ಹೊಡೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೆಟ್ಟದಾಗಿ ಹೊಡೆಯುವವರು ಸಿಗುವುದೇ ಕಷ್ಟ. ಸುಮ್ಮನೆ ಕೆಟ್ಟದಾಗಿ ಹೊಡೆದರೂ ನಡೆಯುವುದಿಲ್ಲ. 1965ರಲ್ಲಿ ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲಿ ಯಾವನೋ ಒಬ್ಬ, ಪಾಳಿ ಮುಗಿಯುವ ಹೊತ್ತಿಗೆ, ಮನಸ್ಸನ್ನು ಆಗಲೇ ಮನೆಗೆ ಕಳಿಸಿ ಬರೀ ಕೈಯಿಂದ ಹೊಡೆದ ಬಣ್ಣ ಇದೆಯಲ್ಲ, ಅದು ಎಲ್ಲಿ ಸೋರಿತ್ತೋ ಅಲ್ಲೇ ಸೋರಬೇಕು, ಎಲ್ಲಿ ತೆಳ್ಳಗಾಗಿತ್ತೋ ಅಲ್ಲೇ ತೆಳ್ಳಗಾಗಬೇಕು. ಅಷ್ಟು ಶ್ರದ್ಧೆಯಿಂದ ಅಸಡ್ಡೆ ಮಾಡಬಲ್ಲವರು ಎಷ್ಟು ಜನ ಇದ್ದಾರು? ಇದ್ದವರು ಕೇಳಿದಷ್ಟು ಕೊಡಬೇಕು.

ಮಿರಮಿರ ಮಿಂಚಿಸುವುದು ಇಲ್ಲಿ ಹೆಚ್ಚುಗಾರಿಕೆಯಲ್ಲ, ದೋಷ. ಕಾರು ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗಿರಬೇಕು ಎಂಬುದು ಶಾಸ್ತ್ರ. ಈ ಶಾಸ್ತ್ರಕ್ಕೆ ಮಠಾಧಿಪತಿಗಳೂ ಇದ್ದಾರೆ. 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯವರು ಒಂದೊಂದು ಕಾರ್ವೆಟ್ ಕಾರನ್ನೂ 4,500 ಅಂಕಕ್ಕೆ ಪರೀಕ್ಷೆ ಮಾಡುತ್ತಾರೆ. ನೂರಕ್ಕೆ ತೊಂಬತ್ತನಾಲ್ಕು ಬಂದರೆ ಮೇಲಿನ ದರ್ಜೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಬಂದಿದ್ದರೆ ಊರಿನಲ್ಲಿ ಮೆರವಣಿಗೆ ತೆಗೆಯುತ್ತಿದ್ದರು. ಇಲ್ಲಿ ನಟ್ಟಿನ ತಲೆಯ ಮೇಲಿನ ಗುರುತು ತಪ್ಪಿದರೂ ಅಂಕ ಹೋಗುತ್ತದೆ. ಬಾನೆಟ್ಟಿನ ಒಳಗಡೆಯ ತಗಡಿನ ಮೇಲೆ ಅಂದಿನ ಕೆಲಸಗಾರ ಸೀಮೆಸುಣ್ಣದಲ್ಲಿ ಗೀಚಿದ ಗುರುತನ್ನು ಇಂದಿನ ಮಾಲೀಕ ಹಳೆಯ ಫೋಟೋ ಹುಡುಕಿ, ಅದೇ ಸೊಟ್ಟ ಅಕ್ಷರದಲ್ಲಿ ಮತ್ತೆ ಗೀಚುತ್ತಾನೆ. ಗೀಚಿ, ಅದು ಅಳಿಸಿಹೋಗದ ಹಾಗೆ ಕಾಪಾಡುತ್ತಾನೆ.

ನಮ್ಮ ಪಕ್ಕದ ಮನೆಯ ಅಜ್ಜ ಇಂಥ ಶಾಸ್ತ್ರವಂತ. ನಾವಿರುವುದು ಡೆಟ್ರಾಯಿಟ್‌ನಿಂದ ಉತ್ತರಕ್ಕೆ, ಪಾಂಟಿಯಾಕ್ ಊರಿಗೆ ಹತ್ತಿರ. ಅಜ್ಜ ಹರೆಯದಲ್ಲಿ ಅಲ್ಲಿನ ಕಾರ್ಖಾನೆ ಸೇರಿ, ಕೂದಲು ಬೆಳ್ಳಗಾದ ಮೇಲೆ ಹೊರಬಂದವನು. ಈಗ ಪಾಂಟಿಯಾಕ್ ಎಂಬ ಹೆಸರಿನ ಕಾರೇ ಇಲ್ಲ. ಜನರಲ್ ಮೋಟಾರ್ಸ್ 2010ರಲ್ಲಿ ಅದನ್ನು ಮುಚ್ಚಿತು. ಕಂಪನಿ ಹೋದರೂ ಅಜ್ಜನ ಪಾಳಿ ಮುಗಿದಿಲ್ಲ. ಬೆಳಿಗ್ಗೆ ಏಳಕ್ಕೆ ಗ್ಯಾರೇಜಿನ ಬಾಗಿಲು ಎತ್ತುವ ಸದ್ದು, ಮಧ್ಯಾಹ್ನ ಹನ್ನೆರಡಕ್ಕೆ ಸ್ಯಾಂಡ್‌ವಿಚ್, ಮೂರೂವರೆಗೆ ಬಾಗಿಲು ಇಳಿಸುವ ಸದ್ದು. ಒಳಗಿರುವುದು 1965ರ ಪಾಂಟಿಯಾಕ್ ಜಿಟಿಓ.

ಆ ಕಾರಿನ ಜನ್ಮವೃತ್ತಾಂತ ಸ್ವಲ್ಪ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ತಕರಾರಿಗೂ ಮೂಲ ಅಲ್ಲಿದೆ. ಅರವತ್ತರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಒಂದು ನಿಯಮ ಇತ್ತು: ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂರಿಸಕೂಡದು. ಪಾಂಟಿಯಾಕ್ ವಿಭಾಗದಲ್ಲಿ ಜಾನ್ ಡೆಲೋರಿಯನ್ ಎಂಬ ಚೀಫ್ ಎಂಜಿನಿಯರ್ ಇದ್ದ. ಅವನೂ ಅವನ ಜೊತೆಯವರೂ ದೊಡ್ಡ ಕಾರಿನ 389 ಘನ ಅಂಗುಲದ ಎಂಜಿನ್ನನ್ನು ತಂದು ಮಧ್ಯಮ ಗಾತ್ರದ ಟೆಂಪೆಸ್ಟ್ ಲಮಾನ್ಸ್ ಕಾರಿನೊಳಗೆ ಇಳಿಸಿದರು. ಹೊಸ ಮಾಡೆಲ್ ಎಂದರೆ ಮೇಲಿನವರ ಒಪ್ಪಿಗೆ ಬೇಕು. ಗಿರಾಕಿ ಬೇಕೆಂದರೆ ಹಾಕಿಕೊಡುವ ಹೆಚ್ಚುವರಿ ಸಾಮಾನು ಎಂದರೆ ಬೇಡ. ಹಾಗಾಗಿ 1964ರ ಜಿಟಿಓ ಕಾಗದದ ಮೇಲೆ ಕಾರೇ ಅಲ್ಲ. ಸುಮಾರು 295 ಡಾಲರಿನ ಹೆಚ್ಚುವರಿ ಸಾಮಾನು. ಹೆಸರನ್ನು ಫೆರಾರಿಯವರಿಂದ ಕೇಳದೆ ಎತ್ತಿಕೊಂಡರು. ಐದು ಸಾವಿರ ಮಾರಿದರೆ ಸಾಕು ಎಂದು ಅಂದುಕೊಂಡಿದ್ದು, ಮೊದಲ ವರ್ಷವೇ 32,450 ಹೋಯಿತು. ಗೆದ್ದ ಮೇಲೆ ನಿಯಮ ಮುರಿದಿದ್ದನ್ನು ಯಾರು ಕೇಳುತ್ತಾರೆ?

ಕೇಳುವವರು ಐವತ್ತು ವರ್ಷ ತಡವಾಗಿ ಬಂದರು. ಅವರ ಪ್ರಶ್ನೆ ಬೇರೆ: ಇದು ನಿಜವಾಗಿ ಜಿಟಿಓ ಏನು, ಅಥವಾ ಲಮಾನ್ಸ್ ಕಾರಿಗೆ ಜಿಟಿಓ ವೇಷ ಹಾಕಿದ್ದೋ? 1966ರಿಂದ ಜಿಟಿಓ ಸ್ವತಂತ್ರ ಮಾಡೆಲ್ ಆದ್ದರಿಂದ ಅದರ ಚಾಸಿ ನಂಬರ್ 242 ಎಂದು ಶುರುವಾಗುತ್ತದೆ. 1965ರಲ್ಲಾದರೆ ಲಮಾನ್ಸೂ 237, ಜಿಟಿಓನೂ 237. ಗೋತ್ರ ಪ್ರವರ ಎಲ್ಲ ಒಂದೇ, ನಕ್ಷತ್ರ ಮಾತ್ರ ಬೇರೆ, ಅದನ್ನು ಬರೆದಿಟ್ಟವರಿಲ್ಲ. ಬಾನೆಟ್ಟಿನ ಮೇಲಿನ ಗೂಡು, ಪಕ್ಕದ ಲಾಂಛನ, ಒಳಗಿನ ಮೀಟರುಗಳು ಎಲ್ಲವೂ ಕ್ಯಾಟಲಾಗಿನಲ್ಲಿ ಹೊಸದಾಗಿ ಸಿಗುತ್ತವೆ. ದುಡ್ಡಿದ್ದರೆ ಬೇಸಿಗೆ ರಜೆ ಮುಗಿಯುವುದರೊಳಗೆ ಲಮಾನ್ಸ್ ಜಿಟಿಓ ಆಗುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಇನ್ನು ಮಾವನ ಪ್ರವೇಶ. ನಮ್ಮ ಮಾವ ಒಂದು ಜಿಲ್ಲಾ ಕೇಂದ್ರದ ಆರ್‌ಟಿಓ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಆರು ತಿಂಗಳ ವೀಸಾದ ಮೇಲೆ ಜೂನಿನಲ್ಲಿ ನಮ್ಮಲ್ಲಿಗೆ ಬಂದರು. ಮಕ್ಕಳ ಮನೆಗೆ ಅಮೆರಿಕಕ್ಕೆ ಬರುವ ಹಿರಿಯರ ದಿನಚರಿ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲು ಕಾಸ್ಟ್‌ಕೋ ನೋಡಿ ಬೆರಗಾಗುತ್ತಾರೆ, ಆಮೇಲೆ ನಯಾಗರ ನೋಡಿ ಬೆರಗಾಗುತ್ತಾರೆ, ಆಮೇಲೆ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಬೀದಿಯಲ್ಲಿ ಒಬ್ಬ ನರಪಿಳ್ಳೆಯೂ ಓಡಾಡುವುದಿಲ್ಲವಲ್ಲ ಎಂದು ಕೊರಗುತ್ತಾರೆ. ಮಾವನ ಕುರ್ಚಿ ಇದ್ದದ್ದು ಅಜ್ಜನ ಗ್ಯಾರೇಜಿನ ಕಡೆ. ಒಂದು ಬೆಳಿಗ್ಗೆ ಕುರ್ಚಿ ಖಾಲಿ. ಹುಡುಕಿಕೊಂಡು ಹೋದರೆ, ಪಂಚೆಯ ಮೇಲೆ ಸ್ವೆಟರ್ ಹಾಕಿಕೊಂಡ ಮಾವ ಜಿಟಿಓ ಕಾರಿನ ಎಡಬಾಗಿಲ ಬಳಿ ಬಗ್ಗಿ ಕೂತಿದ್ದಾರೆ. ಕೈಯಲ್ಲಿ ಪೆನ್ಸಿಲ್.

ಪರಿಚಯ ಮಾಡಿಸುವ ಕೆಲಸ ನನ್ನದು. ಮಿಷಿಗನ್ನಿನಲ್ಲಿ ಗಾಡಿಗಳ ನೋಂದಣಿ ನೋಡಿಕೊಳ್ಳುವುದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. "ಇವರು ಭಾರತದಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿದ್ದರು" ಎಂದೆ. ಅಜ್ಜನಿಗೆ ಅರ್ಥವಾಯಿತು. ಮಾವ ಮಾತ್ರ, ಅಳಿಯ ತಮ್ಮನ್ನು ವಿದೇಶಾಂಗ ಖಾತೆಗೆ ಬಡ್ತಿ ಕೊಟ್ಟ ಎಂದು ಸಂಜೆವರೆಗೂ ಖುಷಿಯಾಗಿದ್ದರು. ಅಜ್ಜ ಅವರನ್ನು 'ಆಫೀಸರ್' ಎಂದೇ ಕರೆಯತೊಡಗಿದ.

ಮಾವನ ಕೈಯಲ್ಲಿದ್ದ ಪೆನ್ಸಿಲ್ ಅವರ ವೃತ್ತಿಯ ಆಯುಧ. ನಮ್ಮಲ್ಲಿ ಗಾಡಿ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗಬೇಕಾದರೆ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ಅರ್ಜಿಗೆ ಅಂಟಿಸಬೇಕಲ್ಲ, ಪೆನ್ಸಿಲ್ ಪ್ರಿಂಟ್ ಅನ್ನುತ್ತಾರಲ್ಲ, ಅಂಥವನ್ನು ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡುತ್ತಲೇ ಮಾವನ ಜೀವಮಾನ ಕಳೆದಿದೆ. ಮೂರನ್ನು ಎಂಟು ಮಾಡಿದವರು, ಒಂದನ್ನು ನಾಲ್ಕು ಮಾಡಿದವರು, ತಗಡನ್ನೇ ಕತ್ತರಿಸಿ ಬೇರೆ ಗಾಡಿಗೆ ಬೆಸುಗೆ ಹಾಕಿದವರು, ಎಲ್ಲರೂ ಅವರ ಮೇಜಿನ ಮುಂದೆ ಹಾದುಹೋಗಿದ್ದಾರೆ. "ಅಳಿಯಂದಿರೇ, ಸುಳ್ಳು ನಂಬರು ಯಾವಾಗಲೂ ನೆಟ್ಟಗಿರುತ್ತೆ. ಕದ್ದವನಿಗೆ ಭಯ, ನಿಧಾನವಾಗಿ ಜೋಡಿಸಿ ಹೊಡೀತಾನೆ. ಕಂಪನಿಯವನಿಗೆ ಏನು ಭಯ? ಟಪ್ ಅಂತ ಹೊಡೆದು ಬಿಸಾಕಿರ್ತಾನೆ" ಎಂದರು.

ಇದನ್ನು ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವನು ಸ್ಪ್ಯಾನರ್ ಕೆಳಗಿಟ್ಟು ಮಾವನ ಕೈ ಕುಲುಕಿದ. ಈ ದೇಶದಲ್ಲಿ ಎಂಜಿನ್ ನಂಬರ್ ತಜ್ಞರು ಭೂತಗನ್ನಡಿ ಹಿಡಿದು, ಪುಸ್ತಕ ಬರೆದು, ಶುಲ್ಕ ತೆಗೆದುಕೊಂಡು ಹೇಳುವ ಮಾತೂ ಹೆಚ್ಚುಕಡಿಮೆ ಅದೇ. ಎಂಜಿನ್ನಿನ ಮುಖದ ಮೇಲೆ ಮಿಷನ್ನು ಕೊರೆದ ಸಣ್ಣ ಗೆರೆಗಳು ಉಳಿದಿವೆಯೇ, ಅಕ್ಷರ ಆ ಗೆರೆಗಳ ಮೇಲೆ ಕೂತಿದೆಯೇ, ಒಂದು ಅಕ್ಷರ ಆಳ ಇನ್ನೊಂದು ಮೇಲುಮೇಲೆ ಇದೆಯೇ ಎಂದು ನೋಡುತ್ತಾರೆ. ಎಂಜಿನ್ ಎರಕ ಹೊಯ್ದ ತಾರೀಕು ಬೇರೆ ಇರುತ್ತದೆ: ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ಕಾರಿನ ಮೈಗೆ ಹೊಡೆದ ತಗಡಿನಲ್ಲಿ ತಿಂಗಳೂ ವಾರವೂ ಇರುತ್ತವೆ. ಎಂಜಿನ್ ಹುಟ್ಟಿದ ಮೇಲೆ ಕಾರು ಹುಟ್ಟಿರಬೇಕು. ಕಾರು ಹುಟ್ಟಿ ಎರಡು ತಿಂಗಳಾದ ಮೇಲೆ ಎರಕವಾದ ಎಂಜಿನ್ ಒಳಗೆ ಕೂತಿದ್ದರೆ ಮನೆತನದಲ್ಲಿ ಏನೋ ಗುಟ್ಟಿದೆ ಎಂದೇ ಅರ್ಥ.

"ನಿಮ್ಮಲ್ಲಿ ಅಮೆರಿಕದ ಕಾರುಗಳಿದ್ದವಾ?" ಎಂದು ಅಜ್ಜ ಕೇಳಿದ. ಮಾವನಿಗೆ ಅಷ್ಟು ಸಾಕಾಯಿತು. ಜನರಲ್ ಮೋಟಾರ್ಸ್‌ನವರೇ 1928ರಿಂದ ಬೊಂಬಾಯಿಯಲ್ಲಿ ಷೆವರ್ಲೆ ಜೋಡಿಸುತ್ತಿದ್ದುದು, ಆಮೇಲೆ ಪ್ರೀಮಿಯರ್ ಕಂಪನಿಯವರ ಡಾಡ್ಜ್, ಪ್ಲೈಮೌತ್‌ಗಳು, ಎಲ್ಲ ಹೇಳಿದರು. ಹೇಳುವ ಉಮೇದಿನಲ್ಲಿ, ಪೆಟ್ರೋಲ್ ದುಬಾರಿಯಾದಾಗ ನಮ್ಮವರು ಅವುಗಳ ಎಂಜಿನ್ ಕಿತ್ತು ಗುಜರಿಗೆ ಹಾಕಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿ ಓಡಿಸುತ್ತಿದ್ದರು ಎಂದರು. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ಬದಲಾವಣೆ ನಮೂದಿಸಿ, ಮೊಹರು ಒತ್ತಿ ಕೊಟ್ಟವರಲ್ಲಿ ತಾವೂ ಒಬ್ಬರು ಎಂದು ಎದೆಯುಬ್ಬಿಸಿದರು. ಅಜ್ಜ ಕೂತುಬಿಟ್ಟ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಕಿತ್ತ ಎಂಜಿನ್ ಯಾರ ಹತ್ತಿರ ಇವೆ, ಗೊತ್ತಾ?" ಎಂದ.

ಅಕ್ಟೋಬರಿನಲ್ಲಿ ಅಜ್ಜ ಹರ್ಷಿಗೆ ಹೊರಟ. ಪೆನ್ಸಿಲ್ವೇನಿಯಾದ ಹರ್ಷಿ, ಚಾಕೊಲೇಟಿನ ಊರು. ಅಲ್ಲಿ 1955ರಿಂದ ಪ್ರತಿ ಶರತ್ಕಾಲದಲ್ಲಿ ಹಳೆಯ ಕಾರುಗಳ ದೊಡ್ಡ ಜಾತ್ರೆ. ಮಾವ ಬಿಡಲಿಲ್ಲ, ಮಾವನನ್ನು ಒಬ್ಬರೇ ಕಳಿಸಲು ನನ್ನ ಹೆಂಡತಿ ಬಿಡಲಿಲ್ಲ, ಹೀಗೆ ನಾನೂ ಹೋದೆ. ಕಣ್ಣು ಹಾಯಿಸಿದಷ್ಟು ದೂರ ಡೇರೆಗಳು. ಡೇರೆಯ ಮುಂದೆ ಟಾರ್ಪಾಲಿನ ಮೇಲೆ ತುಕ್ಕು ಹಿಡಿದ ರೇಡಿಯೇಟರ್ ಮುಚ್ಚಳ, ಸೊಟ್ಟಗಾದ ಬಂಪರ್, ಗಾಜು ಒಡೆದ ಹೆಡ್‌ಲೈಟು, ನಂಬರ್ ಪ್ಲೇಟು, ಯಾವ ಕಾರಿನದೆಂದು ಮಾರುವವನಿಗೂ ಗೊತ್ತಿಲ್ಲದ ಸರಳು. ಗಾಳಿ ತಿರುಗಿದಾಗ ಒಮ್ಮೆ ಗ್ರೀಸಿನ ವಾಸನೆ, ಒಮ್ಮೆ ಚಾಕೊಲೇಟಿನ ವಾಸನೆ. ಮಾವ ಒಂದು ಸುತ್ತು ಹಾಕಿ, "ಶಿವಾಜಿನಗರದ ಗುಜರಿ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದರು. ಹಾಗೆಂದವರು ಸಂಜೆಯಾದರೂ ಹೊರಡಲು ಒಪ್ಪಲಿಲ್ಲ.

ಅಲ್ಲಿ ಕೆಲವರು ಬೆನ್ನಿಗೆ ರಟ್ಟು ಕಟ್ಟಿಕೊಂಡು ಓಡಾಡುತ್ತಾರೆ. ತಮಗೆ ಬೇಕಾದ ಸಾಮಾನು ಏನೆಂದು ಅದರ ಮೇಲೆ ಬರೆದಿರುತ್ತಾರೆ. ಒಬ್ಬ ಮುದುಕನ ಬೆನ್ನಿನ ಮೇಲೆ ಒಂದು ಕಾರಿನ ಹೆಸರು, 'ಎಡಗಡೆಯ ಹೆಡ್‌ಲೈಟಿನ ಬಳೆ' ಎಂದಷ್ಟೇ ಇತ್ತು. ರಟ್ಟಿನ ಅಂಚು ಸವೆದು, ಶಾಯಿ ಮಾಸಿ, ಮೇಲೆ ಮತ್ತೆ ತಿದ್ದಿದ ಗುರುತು ಇತ್ತು. ಎಷ್ಟು ವರ್ಷದ ರಟ್ಟೋ. ಮಾವ ಅವನ ಹಿಂದೆ ಹಿಂದೆ ಎರಡು ಸಾಲು ನಡೆದು ಬಂದು, "ಸಿಕ್ಕಿಬಿಟ್ಟರೆ ಪಾಪ ಮುಂದಿನ ವರ್ಷ ಇವರು ಏನು ಮಾಡ್ತಾರೆ?" ಎಂದರು.

ಹರ್ಷಿಯಲ್ಲಿ ಒಂದು ಡೇರೆಯವನು 1969ರ ಕಮಾರೋ ಕಾರಿನ ಇಡೀ ಹೊಸ ಮೈ ಸಿಗುತ್ತದೆ ಎಂದ. ಹೌದು, ಸಿಗುತ್ತದೆ. ಪರವಾನಗಿ ಪಡೆದು ಹೊಚ್ಚಹೊಸ ತಗಡಿನಲ್ಲಿ ಅಂದಿನ ಮೈಯನ್ನು ಇಂದು ಒತ್ತಿ ಕೊಡುವ ಕಂಪನಿಗಳಿವೆ. ಮೈ ಹೊಸದು, ಗಾಜು ಹೊಸದು, ಸೀಟು ಹೊಸದು, ತಂತಿ ಹೊಸದು. ಹಾಗಾದರೆ 1969ರ ಕಾರು ಎಲ್ಲಿದೆ? ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳಿದ್ದೂ ಇದನ್ನೇ. ಮಹಾರಾಜ, ನೀನು ಬಂದ ರಥ ಯಾವುದು, ಗಾಲಿಯೇ, ಅಚ್ಚೇ, ನೊಗವೇ? ರಾಜನಿಗೆ ಉತ್ತರ ತಿಣುಕಾಟವಾಯಿತು. ಅವನ ಆಸ್ಥಾನದಲ್ಲಿ ನಮ್ಮ ಮಾವನಂಥ ಒಬ್ಬ ಗುಮಾಸ್ತ ಇದ್ದಿದ್ದರೆ ಒಂದೇ ಮಾತಿಗೆ ಮುಗಿಸುತ್ತಿದ್ದ: ರಥ ಎಂದರೆ ಚಾಸಿ ನಂಬರಿನ ತಗಡು ಮತ್ತು ಅದರ ಎರಡು ರಿವೆಟ್.

ಇದನ್ನು ಬರೀ ಕುಹಕ ಎಂದುಕೊಳ್ಳಬೇಡಿ, ಇಲ್ಲಿನ ಕಾನೂನು ಬಹುಮಟ್ಟಿಗೆ ಹಾಗೇ ಇದೆ. ಕ್ಯಾನ್ಸಸ್ ರಾಜ್ಯದ ಒಬ್ಬರು 2016ರಲ್ಲಿ, ಚೆನ್ನಾಗಿ ರೆಸ್ಟೋರ್ ಮಾಡಿದ 1959ರ ಕಾರ್ವೆಟ್ ಒಂದನ್ನು ಇಂಡಿಯಾನಾದಿಂದ ಸುಮಾರು 50,000 ಡಾಲರ್ ಕೊಟ್ಟು ತಂದರು. ನೋಂದಣಿಗೆ ಒಯ್ದಾಗ ತಪಾಸಣೆಯವರ ಕಣ್ಣು ರಿವೆಟ್ಟಿನ ಮೇಲೆ ಬಿತ್ತು. ಹಿಂದೆಂದೋ ರೆಸ್ಟೋರ್ ಮಾಡಿದವರು ನಂಬರ್ ತಗಡನ್ನು ಬಿಚ್ಚಿ, ಬಣ್ಣ ಹೊಡೆದು, ಅದೇ ತಗಡನ್ನು ಮತ್ತೆ ಕೂರಿಸಿದ್ದರು. ತಗಡು ಬಿಚ್ಚಿದರೆ ಕಾರು ಜಪ್ತಿ, ಜಪ್ತಿಯಾದದ್ದು ನಾಶ. ಕಾನೂನಿನಲ್ಲಿ ಹಾಗೇ ಇತ್ತು. ಮಾಲೀಕರ ತಪ್ಪಿಲ್ಲ ಎಂದು ಸರ್ಕಾರವೂ ಒಪ್ಪಿತ್ತು, ಆದರೂ ಕಾರು ವರ್ಷಗಟ್ಟಲೆ ಕಸ್ಟಡಿಯಲ್ಲಿತ್ತು. ಕೊನೆಗೆ 2022ರಲ್ಲಿ ಶಾಸನಸಭೆಯೇ ಕಾನೂನು ತಿದ್ದಿದ ಮೇಲೆ ಬಿಡುಗಡೆಯಾಯಿತು. ಅಜ್ಜ ಈ ಕಥೆ ಹೇಳಿ ಮಾವನ ಮುಖ ನೋಡಿದ. ಮಾವ ನಿವೃತ್ತರಾದರೂ ಇಲಾಖೆಯನ್ನು ಬಿಟ್ಟುಕೊಡುವವರಲ್ಲ. "ತಗಡು ಬಿಚ್ಚೋ ಮುಂಚೆ ಒಂದು ಅರ್ಜಿ ಕೊಡಬೇಕಿತ್ತು" ಎಂದರು.

ದಾಖಲೆಗಳ ವಿಷಯದಲ್ಲಿ ಅಮೆರಿಕದ ಮೂರು ದೊಡ್ಡ ಕಂಪನಿಗಳ ಕಾರುಗಳಿಗೆ ಮೂರು ದಾರಿ. ಫೋರ್ಡ್ ಆದರೆ 1967ರಿಂದ ಈಚಿನ ತಯಾರಿಕೆಯ ಲೆಕ್ಕವೆಲ್ಲ ಕೆವಿನ್ ಮಾರ್ಟಿ ಎಂಬವರ ಬಳಿ ಇದೆ. ನಂಬರ್ ಕಳಿಸಿದರೆ ಕಾರಿನ ಜಾತಕ ಬರುತ್ತದೆ. ಪಾಂಟಿಯಾಕ್ ಆದರೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬಲ್ಲಿ ಹಳೆಯ ಬಿಲ್ಲುಗಳ ಪ್ರತಿ ಸಿಗುತ್ತದೆ. ಅಜ್ಜನ ಕಾರು ಅಸಲಿ ಎಂದು ಸಾಬೀತಾದದ್ದೂ ಆ ಬಿಲ್ಲಿನಿಂದಲೇ. ಕ್ರೈಸ್ಲರ್ ಕಂಪನಿಯವರ ಪ್ಲೈಮೌತ್, ಡಾಡ್ಜ್ ಆದರೆ ಹಿಂದಿನ ಸೀಟು ಕಿತ್ತು ಸ್ಪ್ರಿಂಗುಗಳ ನಡುವೆ ಕೈ ಹಾಕಬೇಕು. ಯಾವ ಕಾರಿಗೆ ಯಾವ ಸಾಮಾನು ಜೋಡಿಸಬೇಕೆಂದು ಕೆಲಸಗಾರರಿಗೆ ಕೊಡುತ್ತಿದ್ದ ಹಾಳೆಯನ್ನು, ಕೆಲಸ ಮುಗಿದ ಮೇಲೆ ಕಸದಬುಟ್ಟಿಯವರೆಗೆ ಹೋಗಲು ಬೇಸರವಾಗಿ, ಅವರು ಸೀಟಿನ ಅಡಿಯಲ್ಲಿ ತುರುಕಿಬಿಡುತ್ತಿದ್ದರು. ಇವತ್ತು ಆ ಹಾಳೆ ಸಿಕ್ಕಿದರೆ ಕಾರಿನ ಬೆಲೆ ಏರುತ್ತದೆ. ಅರ್ಧ ಇಲಿ ತಿಂದಿದ್ದರೂ ಚೌಕಟ್ಟು ಹಾಕಿಸುತ್ತಾರೆ. ಇದೇ ಕಂಪನಿಯ 1971ರ ಹೆಮಿ ಕೂಡಾ ಎಂಬ ಮುಚ್ಚಳ ತೆರೆಯುವ ಕಾರು ಹತ್ತು ಹನ್ನೊಂದರ ಆಚೆ ಆಗಲೇ ಇಲ್ಲ. ಅವುಗಳಲ್ಲಿ ಒಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಜೋಪಾನ ಮಾಡಿದ್ದು ಉಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕಾರುಗಳ ವಿಷಯದಲ್ಲಿ ನನಗೆ ಅನುಮಾನ. ಒಕ್ಲಹೋಮಾದ ಟಲ್ಸಾ ಊರಿನವರು 1957ರಲ್ಲಿ ಒಂದು ಹೊಸ ಪ್ಲೈಮೌತ್ ಬೆಲ್ವೆಡೇರ್ ಕಾರನ್ನು ಐವತ್ತು ವರ್ಷದ ನಂತರದ ಮಕ್ಕಳಿಗೆಂದು ಕಾಂಕ್ರೀಟ್ ಗೂಡಿನಲ್ಲಿಟ್ಟು ಹೂಳಿದರು. ಅಣುಬಾಂಬ್ ಬಿದ್ದರೂ ತಡೆಯುವ ಗೂಡು ಎಂಬ ಮಾತಿತ್ತು. 2007ರ ಹೊತ್ತಿಗೆ ಪೆಟ್ರೋಲೇ ಇರುವುದಿಲ್ಲವೇನೋ ಎಂದು ಜೊತೆಗೆ ಪೆಟ್ರೋಲನ್ನೂ ಇಟ್ಟರು. 2007ರಲ್ಲಿ ಟಲ್ಸಾದಲ್ಲಿ ಎಷ್ಟು ಜನ ಇರುತ್ತಾರೆ ಎಂದು ಊಹಿಸಿ ಬರೆದವರಿಗೆ ಕಾರು ಬಹುಮಾನ. 2007ರ ಜೂನ್ 15ರಂದು ಊರಿಗೆ ಊರೇ ಸೇರಿ ಮೇಲೆತ್ತಿ ಹೊದಿಕೆ ಸರಿಸಿದರೆ, ಕಂಡದ್ದು ಕೆಸರು ಮೆತ್ತಿದ ತುಕ್ಕಿನ ಮುದ್ದೆ. ಗೂಡಿನೊಳಗೆ ಎಂದೋ ನೀರು ನುಗ್ಗಿತ್ತು. ಸರಿಯಾಗಿ ಊಹಿಸಿದ ಮನುಷ್ಯನೂ ತೀರಿಕೊಂಡು ದಶಕಗಳಾಗಿದ್ದವು. ಕಾರು ಅವನ ಅಕ್ಕತಂಗಿಯರ ಪಾಲಾಯಿತು. ತುಕ್ಕು ತೆಗೆಯುವವರು ನ್ಯೂಜೆರ್ಸಿಗೆ ಒಯ್ದು ತಿಂಗಳುಗಟ್ಟಲೆ ತಿಕ್ಕಿದರು. ಬಣ್ಣವೇನೋ ಅಲ್ಲಲ್ಲಿ ಕಂಡಿತು, ಕಾರು ಎದ್ದು ನಿಲ್ಲಲಿಲ್ಲ. ಈಗ ಅದು ಇಲಿನಾಯ್‌ನ ಒಂದು ಮ್ಯೂಸಿಯಮ್ಮಿನಲ್ಲಿದೆ. ಇಡೀ ದೇಶದಲ್ಲಿ ಅದಕ್ಕಿಂತ ಅಸಲಿಯಾದ ಕಾರು ಇನ್ನೊಂದಿಲ್ಲ. ಊರೆಲ್ಲ ಸಾಕ್ಷಿ, ಹೂಳಿದ ದಿನದ ಫೋಟೋ ಇದೆ, ಐವತ್ತು ವರ್ಷ ಯಾರೂ ಮುಟ್ಟಿಲ್ಲ.

ಇನ್ನೊಂದು ಕಾರು 1968ರ ಹಸಿರು ಮಸ್ಟಾಂಗ್. 'ಬುಲಿಟ್' ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್‌ಫ್ರಾನ್ಸಿಸ್ಕೋದ ಏರಿಳಿತಗಳಲ್ಲಿ ಹಾರಿಸಿದ್ದು. 1974ರಲ್ಲಿ ಒಂದು ಸಂಸಾರ ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರಿಗೆ ಕೊಂಡಿತು. ಮನೆಯಾಕೆ ಟೀಚರು, ಅದರಲ್ಲೇ ಶಾಲೆಗೆ ಹೋಗಿಬಂದರು. ಮೆಕ್ವೀನನೇ ಕಾಗದ ಬರೆದು ಕೇಳಿದರೂ ಇವರು ಕೊಡಲಿಲ್ಲ. ಕ್ಲಚ್ ಹೋದ ಮೇಲೆ ಮೂಲೆಗೆ ನಿಲ್ಲಿಸಿದರು. 2018ರ ಜನವರಿಯಲ್ಲಿ ಡೆಟ್ರಾಯಿಟ್ ಕಾರು ಪ್ರದರ್ಶನಕ್ಕೆ ಅದು ಬಂದಾಗ ನಾನೂ ಜನರ ಭುಜದ ಸಂದಿಯಿಂದ ಇಣುಕಿದೆ. ಟಿಂಕರಿಂಗ್ ಇಲ್ಲ, ಪೇಂಟಿಂಗ್ ಇಲ್ಲ, ನೆಗ್ಗಿದ್ದು ನೆಗ್ಗಿದ ಹಾಗೇ. ನಮ್ಮ ಬೀದಿಯಲ್ಲಿ ನಿಲ್ಲಿಸಿದ್ದರೆ ಮುನಿಸಿಪಾಲಿಟಿಯವರು ಎತ್ತಿಕೊಂಡು ಹೋಗುವ ಸ್ಥಿತಿ. ಎರಡು ವರ್ಷದ ಮೇಲೆ ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಕೂಗಿದರು. ನನ್ನ ಹೆಂಡತಿ ಆ ಸುದ್ದಿ ಓದಿ ನಮ್ಮ ಟೊಯೋಟಾ ಕಾರನ್ನು ತೊಳೆಯುವುದನ್ನೇ ನಿಲ್ಲಿಸಿದಳು.

ಅಜ್ಜನ ಕಾರಿನ ಪರೀಕ್ಷೆಯೂ ಬಂತು. ಊರೂರಿನ ಜಿಟಿಓಗಳು ಸೇರುವ ಒಂದು ಕೂಟ. ಹಿಂದಿನ ವಾರವೆಲ್ಲ ಅಜ್ಜ ಕಾರಿನಡಿ ಮಲಗಿ ನಟ್ಟುಗಳ ಮೇಲೆ ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದ. ಕಾರ್ಖಾನೆಯಲ್ಲಿ ನಟ್ಟು ಬಿಗಿಯಾಗಿದೆಯೇ ನೋಡಿ, ನೋಡಿದ್ದಕ್ಕೆ ಗುರುತಾಗಿ ಚುಕ್ಕೆ ಇಡುತ್ತಿದ್ದರು. ಜಡ್ಜ್ ಬಂದ. ವಯಸ್ಸು ನಲವತ್ತರ ಒಳಗೆ. ಆ ಕಾರು ಬರುವಾಗ ಅವನ ಅಪ್ಪನಿಗೂ ಮೀಸೆ ಬಂದಿರಲಿಲ್ಲ. ರಟ್ಟಿನ ಮೇಲೆ ಕಾಗದ, ಕೈಯಲ್ಲಿ ಟಾರ್ಚು. ಚಾಪೆ ಹಾಸಿ ಕಾರಿನಡಿಗೆ ತೂರಿದವನು ತುಂಬ ಹೊತ್ತು ಹೊರಬರಲಿಲ್ಲ. ಬಂದವನು ವಿನಯದಿಂದಲೇ ಹೇಳಿದ:

"ಚುಕ್ಕೆಗಳು ತುಂಬ ಅಚ್ಚುಕಟ್ಟಾಗಿವೆ. ಕಾರ್ಖಾನೆಯಲ್ಲಿ ಹೀಗೆ ಇಡುತ್ತಿರಲಿಲ್ಲ."

"ಇಡುತ್ತಿದ್ದವನು ನಾನೇ" ಎಂದ ಅಜ್ಜ.

ಜಡ್ಜ್ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಕೇಳಿದ, "ಅದಕ್ಕೆ ದಾಖಲೆ ಏನಾದರೂ ಇದೆಯಾ?"

ನನಗೆ ಸಿಟ್ಟು ಬಂತು. ಮಾವ ಮಾತ್ರ ಜಡ್ಜಿನ ಕಡೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. "ಹುಡುಗ ಸರಿಯಾಗೇ ಕೇಳಿದ, ಅಳಿಯಂದಿರೇ. ಬಾಯಿಮಾತಿಗೆ ಫೈಲಿನಲ್ಲಿ ಜಾಗ ಎಲ್ಲಿದೆ?" ಅಂಕ ಹೋಯಿತು. ವಾಪಸ್ ಬರುವಾಗ ಅಜ್ಜನೇ ಮಾತು ತೆಗೆದ. ಜಡ್ಜ್ ಹೇಳಿದ್ದು ನಿಜವಂತೆ. ಹರೆಯದಲ್ಲಿ ಅವನು ಕುಂಚವನ್ನು ದೂರದಿಂದಲೇ ಬೀಸಿ ಬಡಿಯುತ್ತಿದ್ದನಂತೆ, ಚುಕ್ಕೆ ನಟ್ಟಿನ ಮೇಲೆ ಅರ್ಧ, ಪಕ್ಕದ ಕಬ್ಬಿಣದ ಮೇಲೆ ಅರ್ಧ. ಈಗ ಹಾಗೆ ಬೀಸಲು ನೋಡಿದರೆ ಕೈ ತಾನಾಗಿಯೇ ಹುಷಾರಾಗುತ್ತದೆ. "ಎಷ್ಟು ಅಭ್ಯಾಸ ಮಾಡಿದರೂ ಆ ಬೇಜವಾಬ್ದಾರಿ ಬರುತ್ತಾ ಇಲ್ಲ" ಎಂದ.

ನವೆಂಬರ್ ಬಂತು. ಪಿಂಚಣಿದಾರರ ಮನೆಯಲ್ಲಿ ನವೆಂಬರ್ ಎಂದರೆ ತಾನು ಬದುಕಿದ್ದೇನೆ ಎಂದು ಸರ್ಕಾರಕ್ಕೆ ಬರೆದುಕೊಡುವ ತಿಂಗಳು. ಜೀವಿತ ಪ್ರಮಾಣಪತ್ರ. ಪರದೇಶದಲ್ಲಿದ್ದವರು ನೋಟರಿಯ ಮುಂದೆ ಸಹಿ ಹಾಕಿ ಕಳಿಸಬಹುದು. ಮಾವ ಇದನ್ನು ವಿವರಿಸಿದಾಗ ಅಜ್ಜನ ಕುತೂಹಲ ಕೆರಳಿತು. ಊರಿನಲ್ಲಿ ಬೆರಳಚ್ಚಿನ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿದರೂ ಆಗುತ್ತದೆ, ಆದರೆ ಹೋದ ವರ್ಷ ಮಿಷನ್ನು ತಮ್ಮ ಬೆರಳನ್ನು ಗುರುತಿಸಲೇ ಇಲ್ಲ ಎಂದರು ಮಾವ. ಅಜ್ಜ ಭೂತಗನ್ನಡಿ ತಂದು ಮಾವನ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದ. "ಗೆರೆಯೆಲ್ಲ ಉಜ್ಜಿಹೋಗಿದೆ, ಆಫೀಸರ್. ಎಂಜಿನ್ ರಿಪೇರಿಯಲ್ಲಿ ಮುಖ ಉಜ್ಜಿದಾಗ ನಂಬರು ಹೋಗುತ್ತಲ್ಲ, ಹಾಗೆ. ಇದರಲ್ಲಿ ಮೋಸ ಏನಿಲ್ಲ, ಗಾಡಿ ಹೆಚ್ಚು ಓಡಿದೆ ಅಷ್ಟೆ." ಆಮೇಲೆ ಇಬ್ಬರೂ ಲೆಕ್ಕಕ್ಕೆ ಕೂತರು. ಮಾವನ ಕಡೆ ಎರಡು ಮಂಡಿ, ಎರಡು ಕಣ್ಣಿನ ಲೆನ್ಸು, ಮೇಲುಸಾಲಿನ ಹಲ್ಲು. ಅಜ್ಜನ ಕಡೆ ಒಂದು ಸೊಂಟದ ಕೀಲು, ಹೃದಯಕ್ಕೆ ಬ್ಯಾಟರಿ. ಬ್ಯಾಟರಿಯ ಮೇಲೆ ಸೀರಿಯಲ್ ನಂಬರ್ ಇದೆ ಎಂದು ಅಜ್ಜ ಹೆಮ್ಮೆಯಿಂದ ಕಾರ್ಡು ತೋರಿಸಿದ.

ನೋಟರಿ ಇದ್ದದ್ದು ಒಂದು ಬ್ಯಾಂಕಿನಲ್ಲಿ. ಮಾವ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ನೇಮಕಾತಿ ಆದೇಶದಿಂದ ಹಿಡಿದು ನಿವೃತ್ತಿ ಆದೇಶದವರೆಗೆ ಎಲ್ಲವನ್ನೂ ಟ್ಯಾಗು ಕಟ್ಟಿದ ಫೈಲು ಹಿಡಿದು ಹೋದರು. ನೋಟರಿ ಹುಡುಗಿ ಪಾಸ್‌ಪೋರ್ಟ್ ಒಂದನ್ನು ನೋಡಿ, ಸಹಿ ಹಾಕಿಸಿ, ಮೊಹರು ಒತ್ತಿ, ಒಳ್ಳೆಯ ದಿನವಾಗಲಿ ಎಂದು ಕಳಿಸಿಬಿಟ್ಟಳು. ಫೈಲು ಬಿಚ್ಚಲೇ ಇಲ್ಲವಲ್ಲ ಎಂದು ಮಾವನ ಮುಖ ಸಪ್ಪಗಾಯಿತು. ಜೊತೆಗೆ ಬಂದಿದ್ದ ಅಜ್ಜ ಅಲ್ಲೇ ಸೋಫಾದಲ್ಲಿ ಕೂತು ಫೈಲನ್ನು ಇಸಿದುಕೊಂಡ. ಕನ್ನಡ ಓದಲು ಬರದಿದ್ದರೂ ಭೂತಗನ್ನಡಿ ಹಿಡಿದು ಹಾಳೆ ಹಾಳೆಯನ್ನೂ ತಿರುವಿದ. ತಾರೀಕು ನೋಡಿದ, ಮೊಹರು ನೋಡಿದ. ಕೊನೆಗೆ, ಕೆಲಸಕ್ಕೆ ಸೇರಿದ ದಿನದ ಸಹಿಯ ಪಕ್ಕಕ್ಕೆ ಈಗಷ್ಟೇ ಹಾಕಿದ ಸಹಿಯನ್ನು ಹಿಡಿದ.

"ಇವೆರಡೂ ಹೊಂದುತ್ತಿಲ್ಲ, ಆಫೀಸರ್."

"ಆಗ ನನಗೆ ಬಸ್ಸು ಹಿಡಿಯೋ ಅವಸರ ಇತ್ತು" ಎಂದರು ಮಾವ. "ಎಷ್ಟು ಅಂಕ ಕಳೀತೀರಿ?"

ಅಜ್ಜ ಯೋಚನೆ ಮಾಡುತ್ತಾ ಕೂತ. ಹೊರಗೆ ಕಾರಿನಲ್ಲಿ ನನ್ನ ಹೆಂಡತಿ ಹಾರ್ನ್ ಹೊಡೆಯತೊಡಗಿದ್ದಳು. ಪೋಸ್ಟ್ ಆಫೀಸ್ ಐದಕ್ಕೆ ಮುಚ್ಚುತ್ತಿತ್ತು.